ದೊಡ್ಡ ಮೀನು ಹಿಡಿದವರಿಗಷ್ಟೇ ಮಾತು

"ಏಳ್ರಿ ಮ್ಯಾಲೆ!"

ಕುರ್ಚಿಯಲ್ಲಿ ಕುಳಿತವನು ತಿರುಗಿಯೂ ನೋಡಲಿಲ್ಲ. ಕಣ್ಣು ಕಂಪ್ಯೂಟರಿನ ಪರದೆಯ ಮೇಲೆ, ಕೈ ಮೌಸಿನ ಮೇಲೆ.

"ನಿಮಗ ಹೇಳಾಕತ್ತೇನಿ! ಕಿವಿ ಕೇಳಂಗಿಲ್ಲೇನು?"

"ಒಂದ ನಿಮಿಷ ತಡೀರಿ... ಮೀನ ಕಚ್ಚೇತಿ."

ಮೀನ ಕಚ್ಚೇತಿ! ಸುನಂದಾಳ ಮೈಯೆಲ್ಲ ಉರಿದುಹೋಯಿತು. ಯಾವ ಮೀನಿನ ಸಲುವಾಗಿ ಮನೆಯಲ್ಲಿ ಸುಳ್ಳು ಹೇಳಿ, ಸಂಜೆ ಹೊತ್ತಿನಲ್ಲಿ, ಗಂಡಸರು ತುಂಬಿದ್ದ ಈ ಕಂಪ್ಯೂಟರ್ ಸೆಂಟರಿಗೆ ನುಗ್ಗಿ ಬಂದಿದ್ದಳೋ, ಅದೇ ಮೀನನ್ನು ಈ ಮನುಷ್ಯ ಅವಳ ಕಣ್ಣೆದುರೇ ಎಳೆಯುತ್ತಿದ್ದ.

ಪರದೆಯ ಮೇಲೆ ನೀಲಿ ಕೆರೆ. ದಂಡೆಯಲ್ಲಿ ಬೆನ್ನಿಗೆ ಕತ್ತಿ ಕಟ್ಟಿಕೊಂಡ ಆಟದ ಹುಡುಗ. ಅವನ ಕೈಯಲ್ಲಿ ಬಿಲ್ಲಿನಂತೆ ಬಾಗಿದ ಗಾಳ. ನೀರು ಚಿಮ್ಮಿತು, ಗಂಟೆ ಹೊಡೆಯಿತು... ಮೀನು ಮೇಲೆ ಬಂತು!

ಕುಳಿತವನು ನಿಧಾನವಾಗಿ ಕೀಲಿ ಒತ್ತಿ ತನ್ನ ಹೆಸರು ಬರೆದ. ಶ್ರೀ.

"ದಿನಾ ಸಂಜೀಕ ಬಂದು ನನ್ನ ಹೆಸರ ಅಳಸಾವ್ರು ನೀವ ಏನು?"

ಈಗ ಅವನು ತಿರುಗಿದ. ಮೂವತ್ತರ ಒಳಗಿನ ವಯಸ್ಸು, ಬಿಸಿಲಿಗೆ ಕಂದಿದ ಮುಖ. ಸಿಟ್ಟಿನಲ್ಲಿ ನಿಂತ ಹುಡುಗಿಯನ್ನು ನೋಡಿ ಅವನು ನಕ್ಕುಬಿಟ್ಟ. ನಗಬಾರದಿತ್ತು ಪಾಪ!

"ಸುನಿ ಅಂದ್ರ ನೀವ ಏನ್ರಿ? ನಾ ಯಾವನೋ ಗಣಮಗ ಅಂತ ತಿಳಕೊಂಡಿದ್ನಿ."

"ಯಾಕ? ಹೆಣ್ಣಮಕ್ಕಳು ಆಡಬಾರದೇನು?"

"ಹಂಗಲ್ರಿ. ಆಟದಾಗಿನ ಗುಡಿಸಲ ಮೂಲ್ಯಾಗ ನೋಡ್ರಿ, ಮುರದ ಗಾಳದ ರಾಶಿ ಬಿದ್ದೈತಿ. ಇಷ್ಟ ಜೋರ ಎಳ್ಯಾವ ಪೈಲ್ವಾನ ಇರಬೇಕು ಅಂದ್ಕೊಂಡಿದ್ನಿ."

ಸೆಂಟರಿನಲ್ಲಿದ್ದವರೆಲ್ಲ ಗೊಳ್ಳೆಂದರು. ಸುನಂದಾಳ ಕಿವಿ ಕೆಂಪಾದವು.

"ಮೀನ ಎಳದಾಗ ನಾವು ಬಿಡಬೇಕ್ರಿ. ಅದು ದಣದಾಗ ನಾವು ಎಳೀಬೇಕು. ನೀವು ಸಿಟ್ಟೀಲೆ..."

"ನನಗ ಕಲಸಾಕ ಬರಬ್ಯಾಡ್ರಿ!"

ಝೆರಾಕ್ಸ್ ಮಷೀನಿನ ಹಿಂದಿನಿಂದ ಸಾಬೀರಾ ಓಡಿ ಬಂದಳು. ಸೆಂಟರು ಅವಳದೇ. ಸುನಂದಾಳೊಂದಿಗೆ ಬಿ.ಎ. ಓದಿದವಳು.

"ಸುನಿ, ಹೊರಗ ಮಂದಿ ನಿಂತು ನೋಡಾಕತ್ತಾರ. ನಾಳಿ ನಿನ್ನ ಟೈಮಿಗೆ ಬಾ, ನನ್ನವ್ವಾ!"

ಸುನಂದಾ ಬಾಗಿಲವರೆಗೆ ಹೋಗಿ ತಿರುಗಿ ನಿಂತಳು.

"ನಾಳಿ ಮಧ್ಯಾಹ್ನಕ್ಕ ನಿಮ್ಮ ಹೆಸರ ಅಲ್ಲಿರಂಗಿಲ್ಲ. ನೋಡ್ಕೋತ ಇರ್ರಿ!"

ಇದು ಎರಡು ಸಾವಿರದ ಮೂರನೇ ಇಸವಿಯ ಮಾತು. ಬಸವನ ಬಾಗೇವಾಡಿಯ ಬಸ್ ಸ್ಟ್ಯಾಂಡಿನ ಹಿಂದೆ ಸಾಬೀರಾಳ ಸೆಂಟರು ಆಗಷ್ಟೇ ತೆರೆದಿತ್ತು. ಹನ್ನೊಂದರಿಂದ ಒಂದರವರೆಗೆ ಹೆಣ್ಣುಮಕ್ಕಳಿಗೆ ಮಾತ್ರ. ಬಾಗಿಲಿಗೆ 'ಲೇಡೀಸ್ ಟೈಮ್' ಎಂದು ರಟ್ಟು ತೂಗುಹಾಕುತ್ತಿದ್ದರು. ಆ ಹೊತ್ತಿನಲ್ಲಿ ಗಂಡಸೊಬ್ಬ ಝೆರಾಕ್ಸಿಗೆ ಬಂದರೂ ಹೊರಗೇ ನಿಲ್ಲಬೇಕು.

ಸುನಂದಾ ಅಲ್ಲಿಗೆ ಬರುತ್ತಿದ್ದದ್ದು ಕಂಪ್ಯೂಟರ್ ಕಲಿಯಲು. ಅಂದರೆ ಮನೆಯವರು ಹಾಗೆ ನಂಬಿದ್ದರು. ಅಪ್ಪ ರೇವಪ್ಪನವರದು ಬೀಜ-ಗೊಬ್ಬರದ ಅಂಗಡಿ. ಮಗಳ ಕೈಯಲ್ಲಿ ಒಂದು ಸರ್ಟಿಫಿಕೇಟ್ ಇದ್ದರೆ ಒಳ್ಳೆಯ ಕಡೆಯ ಸಂಬಂಧ ಬರುತ್ತದೆ ಎಂಬುದು ಅವರ ಲೆಕ್ಕ. ಸರ್ಟಿಫಿಕೇಟ್ ಬಂದ ಮೇಲೆ ಕೆಲಸಕ್ಕೆ ಹೋಗಲೇ ಎಂದು ಕೇಳಿದರೆ, "ಕೆಲಸಾ ಮಾಡಿ ಯಾರನ್ನ ಸಾಕಬೇಕಾಗೇತಿ?" ಎಂದು ಬಾಯಿ ಮುಚ್ಚಿಸುತ್ತಿದ್ದರು.

ಆ ಮನೆಯಲ್ಲಿ ಸುನಂದಾಳ ಬಗ್ಗೆ ಎಲ್ಲರೂ ಮಾತಾಡುತ್ತಿದ್ದರು, ಸುನಂದಾ ಒಬ್ಬಳನ್ನು ಬಿಟ್ಟು! ಯಾವ ಬಣ್ಣದ ಸೀರೆ, ಯಾವ ಊರಿನ ವರ, ಜಡೆ ಎಷ್ಟು ಉದ್ದ ಬಿಡಬೇಕು... ಎಲ್ಲ ಅವರದೇ ನಿರ್ಧಾರ. ಅವಳಿಗೆ ಸಿಟ್ಟು ಬರುತ್ತಿತ್ತು. ಬಂದ ಸಿಟ್ಟನ್ನು ಎಲ್ಲಿ ಇಡಬೇಕೋ ತಿಳಿಯದೆ ರೊಟ್ಟಿ ಬಡಿಯುವಾಗ ಹಿಟ್ಟಿನ ಮೇಲೆ ತೀರಿಸುತ್ತಿದ್ದಳು.

ಹೀಗಿರುವಾಗ ಒಂದು ದಿನ ಸಾಬೀರಾಳ ಅಣ್ಣ ಸೊಲ್ಲಾಪುರದಿಂದ ಸಾಹಸದ ಆಟವೊಂದರ ಸಿ.ಡಿ. ತಂದು ಹಾಕಿದ. ಕಳೆದುಹೋದ ತಂಗಿಯನ್ನು ಹುಡುಕಿಕೊಂಡು ಒಬ್ಬ ಹುಡುಗ ಊರೂರು ಅಲೆಯುತ್ತಾನೆ, ರಾಕ್ಷಸರನ್ನು ಕಡಿಯುತ್ತಾನೆ. ಆ ಹಾದಿಯ ನಡುವೆ ಒಂದು ಕೆರೆ, ದಂಡೆಯಲ್ಲಿ ಒಂದು ಗುಡಿಸಲು. ಒಳಗೊಬ್ಬ ಮುದುಕ. ಬೇಕಿದ್ದರೆ ಅವನ ಗಾಳ ಇಸಿದುಕೊಂಡು ಮೀನು ಹಿಡಿಯಬಹುದು. ಹಿಡಿಯಲೇಬೇಕೆಂದೇನಿಲ್ಲ.

ಸುನಂದಾ ಕೆರೆಯವರೆಗೆ ಬಂದವಳು ಮುಂದಕ್ಕೆ ಹೋಗಲೇ ಇಲ್ಲ! ತಂಗಿ ಕಳೆದೇ ಇದ್ದಳು, ರಾಕ್ಷಸರು ಕಾಯುತ್ತಲೇ ಇದ್ದರು.

ಗಾಳ ಎಸೆದರೆ ಬುಳಕ್ ಎಂಬ ಸದ್ದು. ಆಮೇಲೆ ಮೌನ. ನೀರಿನ ಮೇಲೆ ಮೋಡದ ನೆರಳು ಸರಿಯುತ್ತದೆ, ಎಲ್ಲೋ ಒಂದು ಹಕ್ಕಿ ಕೂಗುತ್ತದೆ. ಕಾಯಬೇಕು. ತೇಲುವ ಬೆಂಡು ಒಮ್ಮೆ ನಡುಗುತ್ತದೆ... ಇನ್ನೊಮ್ಮೆ ನಡುಗುತ್ತದೆ... ಸರ್ರನೆ ಮುಳುಗುತ್ತದೆ! ಆಗ ಮೌಸು ಒತ್ತಿ ಹಿಡಿದು ಎಳೆಯಬೇಕು. ಆ ಹೊತ್ತಿಗೆ ಅವಳಿಗೆ ಅಪ್ಪನಿಲ್ಲ, ಅವ್ವನಿಲ್ಲ, ವರನಿಲ್ಲ. ಮೀನೊಂದು, ತಾನೊಬ್ಬಳು.

ಒಮ್ಮೆ ಬಾಯಿತಪ್ಪಿ ಮನೆಯಲ್ಲಿ ಹೇಳಿಬಿಟ್ಟಿದ್ದಳು. ಅವ್ವ ಹೊನ್ನವ್ವ ಎದೆ ಬಡಿದುಕೊಂಡಿದ್ದಳು.

"ಯವ್ವಾ ಶಿವನೇ! ಬಸವಣ್ಣ ಹುಟ್ಟಿದ ಊರಾಗ, ಕೊಳ್ಳಾಗ ಲಿಂಗಾ ಕಟ್ಟಿಕೊಂಡು ಮೀನ ಹಿಡೀತಿಯೇನ?"

"ಅದು ಖರೇ ಮೀನಲ್ಲಬೇ! ಹಿಡದ ಮ್ಯಾಲೆ ನೀರಿಗೇ ಬಿಡ್ತೇನಿ."

"ಬಿಡೂದಿದ್ರ ಹಿಡೀತಿ ಯಾಕ?"

ಹಿಡಿದ ಮೀನನ್ನು ಬೇಯಿಸುವುದೋ, ಮಾರುವುದೋ, ಬಿಡುವುದೋ ಎಂದು ಆಟ ಕೇಳುತ್ತಿತ್ತು. ಅವಳು ಯಾವಾಗಲೂ ಬಿಡುತ್ತಿದ್ದಳು.

ಬಿಟ್ಟರೂ ತೂಕ ಮಾತ್ರ ಉಳಿಯುತ್ತಿತ್ತು. ಗುಡಿಸಲ ಗೋಡೆಗೊಂದು ಬೋರ್ಡು. ಎಲ್ಲಕ್ಕಿಂತ ದೊಡ್ಡ ಮೀನು ಹಿಡಿದವರ ಹೆಸರು ಮಾತ್ರ ಅಲ್ಲಿ ಇರುತ್ತದೆ. ಇನ್ನೊಬ್ಬರು ಅದಕ್ಕಿಂತ ದೊಡ್ಡದು ಹಿಡಿದರೆ ಹಳೆಯ ಹೆಸರು ಅಳಿಸಿ ಹೊಸದು ಬರುತ್ತದೆ. ಆಟ ಉಳಿಸಿಡಲು ಇದ್ದದ್ದು ಒಂದೇ ಜಾಗವಾದ್ದರಿಂದ, ಹಗಲಿನವರ ಆಟವನ್ನೇ ಸಂಜೆಯವರು ಮುಂದುವರಿಸಬೇಕು. ಅವಳು ಮಧ್ಯಾಹ್ನ 'ಸುನಿ' ಎಂದು ಬರೆದು ಹೋದರೆ ಮರುದಿನ ಅಲ್ಲಿ 'ಶ್ರೀ' ಎಂದಿರುತ್ತಿತ್ತು. ಅದೂ ಅವಳ ಮೀನಿಗಿಂತ ಒಂದಿಷ್ಟೇ ಇಷ್ಟು ದೊಡ್ಡದು! ಆ 'ಒಂದಿಷ್ಟೇ ಇಷ್ಟು' ಅವಳನ್ನು ಸಂಜೆ ಹೊತ್ತಿನಲ್ಲಿ ಅಲ್ಲಿಗೆ ಎಳೆದು ತಂದಿತ್ತು.

ಜಗಳವಾದ ಮರುದಿನ ಸುನಂದಾ ಹಲ್ಲು ಕಚ್ಚಿ ಕುಳಿತಳು. ಮೀನು ಕಚ್ಚಿತು. ಎಳೆಯಲು ಹೋದ ಬೆರಳನ್ನು ತಡೆದಳು. 'ಮೀನ ಎಳದಾಗ ಬಿಡಬೇಕು...' ಥೂ, ಅವನ ಮಾತು ಯಾಕೆ ನೆನಪಾಗಬೇಕು? ಆದರೂ ಬಿಟ್ಟಳು. ಅದು ದಣಿದಾಗ ಎಳೆದಳು. ದೊಡ್ಡ ಮೀನು ಕೈಗೆ ಬಂತು!

ಖುಷಿಯ ಜೊತೆಗೇ ಇನ್ನಷ್ಟು ಸಿಟ್ಟು ಬಂತು. ಅವನು ಹೇಳಿದ್ದು ಸರಿಯಾಗಿತ್ತಲ್ಲ!

ಹೆಸರಿನ ಜಾಗದಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಬರೆದಳು. 'ನೋಡ್ರಿ ಈಗ.'

ಮರುದಿನ ಬಂದು ನೋಡಿದರೆ ಇನ್ನೂ ದೊಡ್ಡ ಮೀನು. ಅದರ ಪಕ್ಕದಲ್ಲಿ, 'ಊಟಾ ಆತ್ರಿ?'

ಊಟವಂತೆ! ಅವಳ ತುಟಿ ತಾನಾಗಿ ಅರಳಿತು. ತಕ್ಷಣ ಬಿಗಿದುಕೊಂಡಳು. 'ನಿಮಗ್ಯಾಕ' ಎಂದು ಬರೆಯಬೇಕೆನಿಸಿತು. ಬರೆಯುವುದು ಹೇಗೆ? ಅವನದಕ್ಕಿಂತ ದೊಡ್ಡ ಮೀನು ಹಿಡಿದರೆ ತಾನೇ ಬರೆಯಲು ಜಾಗ? ಎರಡು ದಿನ ಬೆವರಿಳಿಸಿ ಮೀನು ಹಿಡಿದು, 'ನಿಮಗ್ಯಾಕ' ಎಂದು ಬರೆದೇ ಬಂದಳು.

ಹೀಗೆ ಶುರುವಾಯಿತು. ಒಂದು ಮಾತಿಗೆ ಒಂದು ಮೀನು. ಯಾವ ಪ್ರೇಮಿಗಳೂ ಇಷ್ಟು ಕಷ್ಟಪಟ್ಟು ಮಾತಾಡಿರಲಿಕ್ಕಿಲ್ಲ! 'ಸಿಟ್ಟ ಇಳೀತ?' ಎಂಬ ಮಾತು ಒಂದು ವಾರ ಬೋರ್ಡಿನ ಮೇಲೆ ಉತ್ತರವಿಲ್ಲದೆ ಕುಳಿತಿತ್ತು. 'ಇಲ್ಲ' ಎನ್ನಲು ಅವಳು ಮೂರು ಗಾಳ ಮುರಿದಳು.

ಬರಬರುತ್ತ ಅವನು ಹಗಲು ಕೆಲಸವಿಲ್ಲದ ದಿನ ಒಂದು ಗಂಟೆಗೆ ಸರಿಯಾಗಿ ಬಂದು ಬಾಗಿಲ ಹೊರಗೆ ನಿಲ್ಲತೊಡಗಿದ. ಅವಳು ಹೊರಬರುವಾಗ ನಾಲ್ಕು ಮಾತು. ಹೆಸರು ಶ್ರೀಶೈಲ. ಊರು ಇಂಡಿ ಕಡೆಯ ಸಾಲೋಟಗಿ, ಅಲ್ಲಿ ಅವ್ವ ಇದ್ದಾಳೆ. ಇಲ್ಲಿ ಸರ್ಕಾರಿ ಕೆಲಸ. 'ನಿಮ್ಮ ಜಾತಿ ಮಂದೀನ ಅದಾನ' ಎಂದು ಸಾಬೀರಾ ಕಣ್ಣು ಮಿಟುಕಿಸಿದ್ದಳು.

"ಮೀನ ಬೇಯಸ್ತೀರೋ, ಮಾರ್ತೀರೋ?" ಎಂದು ಒಂದು ದಿನ ಸುನಂದಾ ಕೇಳಿದಳು. ಕೇಳಿದ ದನಿಯಲ್ಲಿ ಜಗಳವೇ ಇತ್ತು.

"ಬಿಡ್ತೇನ್ರಿ."

"ಬಿಡೂದಿದ್ರ ಹಿಡೀತೀರಿ ಯಾಕ?"

"ಅದು ಕಚ್ಚೂತನಕ ಸುಮ್ನ ಕುಂಡ್ರತೇನಲ್ರಿ... ಅಷ್ಟ ಸಾಕು ನನಗ. ದಿನಾ ಮಂದಿ ಕಡಿಂದ ಬೈಸ್ಕೊಳ್ಳೋ ಕೆಲಸ ನಂದು."

ಯಾವ ಕೆಲಸ ಎಂದು ಕೇಳುವಷ್ಟರಲ್ಲಿ ಕರೆಂಟು ಹೋಯಿತು. ಸುನಂದಾಳಿಗೆ ಬೇರೆ ನೆನಪು ಉಕ್ಕಿತು.

"ಮೊನ್ನೆ ಹನ್ನೊಂದು ಹೊಡದು ತುಸು ಹೊತ್ತಿಗೂ ಹಿಂಗ ಆತು ನೋಡ್ರಿ! ಮೀನ ಅರ್ಧಾ ಮ್ಯಾಲೆ ಬಂದಿತ್ತು. ಯು.ಪಿ.ಎಸ್. ಸತ್ತ ಬಿದ್ದೈತಿ. ಆ ಕರೆಂಟ ತಗ್ಯಾವನ ಕೈಗೆ ಹುಳಾ ಬೀಳಲಿ! ಅವನ ಬಾಯಾಗ ಮಣ್ಣ ಬೀಳಲಿ!"

ಶ್ರೀಶೈಲ ಏನೋ ಹೇಳಲು ಬಾಯಿ ತೆರೆದವನು ಹಾಗೇ ಮುಚ್ಚಿಕೊಂಡ. ಪಾಪ, ಏನು ಹೇಳುತ್ತಾನೆ? ಆ ಕೈ ಅವನದೇ ಆಗಿತ್ತು.

ವಿಚಿತ್ರವೆಂದರೆ ಮುಂದಿನ ವಾರದಿಂದ ಹನ್ನೊಂದರಿಂದ ಒಂದರವರೆಗೆ ಸೆಂಟರಿನಲ್ಲಿ ಕರೆಂಟು ಹೋಗಲೇ ಇಲ್ಲ. ಇತ್ತ ಮನೆಯಲ್ಲಿ ಹೊನ್ನವ್ವ ಜೋಳದ ಬುಟ್ಟಿ ದೊಪ್ಪನೆ ಇಳಿಸಿ ಬೈಯುತ್ತಿದ್ದಳು.

"ಇವತ್ತೂ ಬೀಸ್ಕೊಂಡ ಬರಾಕ ಆಗ್ಲಿಲ್ಲ! ಗಿರಣಿ ಓಣ್ಯಾಗ ಹನ್ನೊಂದಕ್ಕ ಕರೆಂಟ ತಗದವ್ರು ಒಂದಾದ್ರೂ ಕೊಡಂಗಿಲ್ಲ. ಬಿಸಲಾಗ ಹೆಂಗಸ್ರು ಪಾಳಿ ಹಚ್ಚಿ ನಿಂತ ನಿಂತ ತಲಿ ತಿರಗಿ ಬೀಳಾಕತ್ತಾರ!"

ಸುನಂದಾ ಕೇಳಿಸಿಕೊಂಡಳು. ಗಿರಣಿಗೂ ತನ್ನ ಮೀನಿಗೂ ಸಂಬಂಧವಿದೆ ಎಂದು ಅವಳಿಗೆ ಹೊಳೆಯಲಿಲ್ಲ.

ಅಷ್ಟರಲ್ಲಿ ಮುದ್ದೇಬಿಹಾಳದ ಸಂಬಂಧ ಬಂತು. ಅರಳೆ ವ್ಯಾಪಾರದ ಮನೆ, ಒಬ್ಬನೇ ಮಗ. ಫೋಟೊ ಒಪ್ಪಿಗೆಯಾಗಿತ್ತು. ಶುಕ್ರವಾರ ಬಂದು ಹುಡುಗಿಯನ್ನು ನೋಡಿ ಅಂದೇ ಮಾತು ಮುಗಿಸುತ್ತಾರಂತೆ.

"ನಿನಗ ಏನರ ಹೇಳೂದೈತೇನು?" ಎಂದು ಮೊದಲ ಸಲ ಅಪ್ಪ ಕೇಳಿದರು. ಕೇಳಿ, ಉತ್ತರಕ್ಕೆ ಕಾಯದೆ ಪೇಪರ್ ಓದತೊಡಗಿದರು.

ಸುನಂದಾ ಒಂದು ಗಂಟೆಗೆ ಬಾಗಿಲಲ್ಲಿ ಶ್ರೀಶೈಲನಿಗೆ ಹೇಳಿದಳು. "ಶುಕ್ರವಾರ ನನ್ನ ನೋಡಾಕ ಬರಾಕತ್ತಾರ."

ಅವನ ಮುಖ ಬಾಡಿತು. ಏನಾದರೂ ಹೇಳುತ್ತಾನೆ ಎಂದು ಕಾದಳು. ಹಿಂದೆ ಸೆಂಟರಿನ ಹುಡುಗಿಯರೆಲ್ಲ ಕಿವಿಯಾಗಿ ನಿಂತಿದ್ದರು. ಅವನು "ಹೌದ್ರಿ?" ಎಂದಷ್ಟೇ ಅಂದ.

'ಹೌದ್ರಿ ಅಂತ! ಇವನ ಹೌದ್ರಿಗೆ ಬೆಂಕಿ ಹಚ್ಚ!' ಎಂದು ದಾರಿಯುದ್ದಕ್ಕೂ ಬೈದುಕೊಳ್ಳುತ್ತ ಮನೆಗೆ ಹೋದಳು.

ಬುಧವಾರ ಬಂದವಳು ಮೊದಲು ಬೋರ್ಡು ನೋಡಿದಳು.

ಆವರೆಗೆ ಯಾರೂ ಹಿಡಿಯದಷ್ಟು ದೊಡ್ಡ ಮೀನು. ಪಕ್ಕದಲ್ಲಿ, 'ನಾ ಬರ್ಲ್ಯಾ ಮನಿಗೆ?'

ಸುನಂದಾ ಸೆರಗು ಸೊಂಟಕ್ಕೆ ಸಿಕ್ಕಿಸಿ ಕುಳಿತಳು. ಇಷ್ಟು ದೊಡ್ಡ ಮೀನನ್ನು ಮೀರಿಸುವುದು ಹುಡುಗಾಟವೇ? ಒಂದು ತಪ್ಪಿತು. ಇನ್ನೊಂದು ಸಣ್ಣದಿತ್ತು. ಗಾಳ ಮುರಿಯಿತು. ಸಾಬೀರಾ ಕೆಲಸ ಬಿಟ್ಟು ಬಂದು ಹಿಂದೆ ನಿಂತಳು. ಹನ್ನೆರಡು ದಾಟಿತು. ಬೆಂಡು ನಡುಗಿತು... ಮುಳುಗಿತು!

ಗಾಳ ಬಾಗಿದ ರೀತಿ ನೋಡಿಯೇ ಗೊತ್ತಾಯಿತು, ಇದು ಕೆರೆಯ ತಳದಲ್ಲಿರುವ ಮೀನು. ಎಳೆಯಿತು, ಬಿಟ್ಟಳು. ನಿಂತಿತು, ಎಳೆದಳು. ಮತ್ತೆ ಎಳೆಯಿತು, ಉಸಿರು ಬಿಗಿಹಿಡಿದು ಬಿಟ್ಟಳು. ಬೆರಳು ಮರಗಟ್ಟಿದವು, ಕಣ್ಣಲ್ಲಿ ನೀರು ಬಂತು. ಕೊನೆಗೂ ಗಂಟೆ ಹೊಡೆಯಿತು!

"ಯಾ ಅಲ್ಲಾ! ಎಷ್ಟ ದೊಡ್ಡದೈತಿ!" ಎಂದು ಸಾಬೀರಾ ಕುಣಿದಳು.

ಹೆಸರಿನ ಜಾಗ ತೆರೆಯಿತು. ಸುನಂದಾ ಬರೆದಳು. 'ಬರ್ರಿ.'

ಉಳಿಸುವ ಕೀಲಿಗೆ ಬೆರಳು ಇಡಬೇಕು...

ಟಪ್!

ಪರದೆ ಕಪ್ಪಾಯಿತು. ಫ್ಯಾನು ನಿಂತಿತು.

ಸಾಬೀರಾ ಸಿಡಿದೆದ್ದು ಫೋನು ಎತ್ತಿ, ಕರೆಂಟ್ ಸ್ಟೇಷನ್ನಿನ ನಂಬರು ಒತ್ತಿದಳು.

"ಹಲೋ! ಈಗ ಯಾಕ ತಗದ್ರಿ? ಇದು ತಗಿಯೋ ಟೈಮ್ ಏನ್ರಿ? ...ಯಾರ ಮಾತಾಡೂದು? ...ಯಾರು?"

ಫೋನು ಕಿವಿಯಿಂದ ಜಾರಿತು. ಅದರೊಳಗಿನ ದನಿ ಸುನಂದಾಳಿಗೂ ಕೇಳಿಸಿತು. "ಆಪರೇಟರ್ ಶ್ರೀಶೈಲ ಮಾತಾಡಾಕತ್ತೇನ್ರಿ..."

ಸುನಂದಾ ಫೋನು ಕಸಿದುಕೊಂಡಳು.

"ನೀವ?"

ಉತ್ತರಕ್ಕೆ ಕಾಯದೆ ಮುಂದುವರಿಸಿದಳು.

"ಕರೆಂಟ ತಗ್ಯಾವ್ರು ನೀವ ಏನು? ನನ್ನ ಕೇಳೂದೂ ನೀವ, ಹೇಳಾಕ ಹೋದ್ರ ಬಾಯಿ ಮುಚ್ಚಸೂದೂ ನೀವ? ಚಲೋ ಆಟ ಹಚ್ಚೀರಿ!"

"ಸುನಂದಾ, ಈಗ ಮಾತಾಡಾಕ ಆಗಂಗಿಲ್ಲ. ಫೋನ್ ಇಡ್ರಿ."

"ಇಡಂಗಿಲ್ಲ! ಮೊದಲ ಹೇಳ್ರಿ..."

"ಇಡ್ರಿ ಅಂದೆ!"

ಅವನೇ ಇಟ್ಟುಬಿಟ್ಟ.

ಅವಳ ಮೇಲೆ ಯಾರೋ ಕಾದ ಎಣ್ಣೆ ಸುರಿದಂತಾಯಿತು. ಎಂದೂ ಜೋರು ಮಾತಾಡದವನು ಗದರಿದ. ಗದರಿ ಫೋನು ಕುಕ್ಕಿದ! ಇಷ್ಟು ದಿನ ನಕ್ಕಿದ್ದೆಲ್ಲ, ಬಾಗಿಲಲ್ಲಿ ಕಾದಿದ್ದೆಲ್ಲ ಬರೀ ತಮಾಷೆಯೇ? ಬೇಕಾದಾಗ ದಾರ ಬಿಡುವುದು, ಬೇಕಾದಾಗ ಎಳೆಯುವುದು... ಮೀನಿನ ಜಾಗದಲ್ಲಿ ತಾನಿದ್ದೆನೇ?

"ಸಾಬೀರಾ, ಅವ ಸಂಜೀಕ ಬಂದ್ರ ಒಳಗ ಬಿಡಬ್ಯಾಡ. ನನ್ನ ಸುದ್ದಿ ಕೇಳಿದ್ರ ಸತ್ತಾಳ ಅಂತ ಹೇಳು."

ಅವನು ಸಂಜೆ ಬಂದ. ಸಾಬೀರಾ ಬಾಗಿಲಲ್ಲೇ ತಿರುಗಿಸಿ ಕಳಿಸಿದಳು. ಮನೆಯಲ್ಲಿ ಸುನಂದಾ ಅಪ್ಪನೆದುರು ನಿಂತು, "ಬರ್ಲಿ ಮುದ್ದೇಬಿಹಾಳದವ್ರು. ನಂದೇನೂ ತಕರಾರಿಲ್ಲ," ಎಂದಳು. ಹೊನ್ನವ್ವ ಮಗಳ ಹಣೆ ಮುಟ್ಟಿ ಜ್ವರವಿದೆಯೇ ಎಂದು ನೋಡಿದಳು.

ಗುರುವಾರ ಬೆಳಿಗ್ಗೆ ರೊಟ್ಟಿ ಗಂಟಲಲ್ಲಿ ಇಳಿಯಲಿಲ್ಲ. ಅಳು ಬಂದಿದ್ದರೆ ಅತ್ತು ಸುಮ್ಮನಾಗುತ್ತಿದ್ದಳು. ಅಳು ಬರಲಿಲ್ಲ, ಸಿಟ್ಟು ಬಂತು. ಇನ್ನೊಬ್ಬನ ಹೆಂಡತಿಯಾಗುವ ಮೊದಲು ಇವನಿಗೆ ಬಾಯಿ ತುಂಬ ಬೈಯದಿದ್ದರೆ ಜನ್ಮವಿಡೀ ಈ ರೊಟ್ಟಿ ಇಳಿಯಲಿಕ್ಕಿಲ್ಲ ಎನಿಸಿತು. ಚಪ್ಪಲಿ ಮೆಟ್ಟಿದಳು. ಟಂಟಂ ರಿಕ್ಷಾ ಹತ್ತಿ, ಮಸೂತಿ ಊರಿಗೆ ಹೋಗುವ ರಸ್ತೆಯ ಕರೆಂಟ್ ಸ್ಟೇಷನ್ನಿನ ಮುಂದೆ ಇಳಿದಳು.

ಒಳಗೆ ಒಂದೇ ಕೋಣೆ. ಗೋಡೆಯುದ್ದಕ್ಕೂ ಕಬ್ಬಿಣದ ಕಪಾಟುಗಳು, ಗುಂಯ್‌ಗುಡುವ ಸದ್ದು. ಟೇಬಲ್ಲಿನ ಮೇಲೆ ಕಪ್ಪು ಫೋನು, ಅದರ ಮುಂದೆ ಶ್ರೀಶೈಲ.

"ಏನ್ರಿ ಸಾಹೇಬ್ರ!"

ಅವನು ಎದ್ದು ನಿಂತ. ನಿಂತು, ಅಂಗೈ ಮೇಲೆತ್ತಿ 'ಸುಮ್ಮನಿರಿ' ಎಂದು ಸನ್ನೆ ಮಾಡಿದ. ಇನ್ನೊಂದು ಕೈಯಲ್ಲಿ ಫೋನು ಇತ್ತು.

"ಆಗಂಗಿಲ್ರಿ," ಎನ್ನುತ್ತಿದ್ದ ಅವನು ಫೋನಿನಲ್ಲಿ. "ನೀವು ಪುಢಾರಿ ಇರಬಹುದ್ರಿ, ನಿಮ್ಮ ಮನ್ಯಾಗ ಮಂತ್ರಿ ಬಂದು ಕುಂತಿರಬಹುದು. ಕಂಬದ ಮ್ಯಾಲೆ ಮನಷ್ಯಾ ಇದ್ದಾನ್ರಿ... ನನ್ನ ಕಾರವಾರಕ್ಕ ವರ್ಗಾ ಮಾಡಸ್ರಿ, ಹೋಗ್ತೇನಿ. ಈಗ ಫೋನ್ ಇಡ್ರಿ... ಇಡ್ರಿ ಅಂದೆ!"

ಕುಕ್ಕಿದ.

ಅದೇ ಮಾತು, ಅದೇ ದನಿ. ಸುನಂದಾ ಬಾಗಿಲಲ್ಲೇ ನಿಂತುಬಿಟ್ಟಳು.

"ಒಂದ ಗಳಿಗಿ ಮಾತಾಡಬ್ಯಾಡ್ರಿ," ಎಂದ ಅವನು. ಅವನ ಕಣ್ಣು ಫೋನಿನಿಂದ ಕದಲಲಿಲ್ಲ. ಹಣೆಯಿಂದ ಬೆವರು ಇಳಿಯುತ್ತಿತ್ತು. ಸುನಂದಾಳಿಗೆ ಬೈಗುಳವೆಲ್ಲ ಬಾಯಿಗೆ ಬಂದು ನಿಂತಿತ್ತು. ಆದರೂ ಅವನ ಮುಖ ನೋಡಿ ಸುಮ್ಮನಾದಳು.

ಫೋನು ರಿಂಗಾಯಿತು.

"ಧರೆಪ್ಪಾ? ನೀನ ಏನಪಾ? ಇಳದಿ? ಪೂರಾ ಇಳದಿ? ನಿನ್ನ ಸಂಗಾಟ ಏರಿದಾವ? ...ಹೂಂ. ಕೊಡ್ತೇನಿ ಹಂಗಾದ್ರ. ಕಂಬದ ಹಂತ್ಯಾಕ ಯಾರೂ ನಿಂದ್ರಬ್ಯಾಡ್ರಿ."

ಅವನು ಕಪಾಟಿನ ಹಿಡಿಕೆಯನ್ನು ಎರಡೂ ಕೈಯಿಂದ ಎತ್ತಿದ. ಧಡ್ ಎಂಬ ಸದ್ದಾಯಿತು. ಕೆಂಪು ದೀಪ ಹತ್ತಿತು. ಆಮೇಲಷ್ಟೇ ಅವನು ಕುರ್ಚಿಯಲ್ಲಿ ಕುಸಿದು ಉಸಿರು ಬಿಟ್ಟ.

"ಏರಿದಾವ ಇಳದು, ತನ್ನ ಬಾಯೀಲೆ 'ಇಳದೇನಿ' ಅನ್ನಬೇಕ್ರಿ," ಎಂದ. "ಅಲ್ಲೀತನಕ ಈ ಹಿಡಕಿ ಯಾರೂ ಮುಟ್ಟಂಗಿಲ್ಲ. ಆ ಫೋನೂ ಖಾಲಿ ಇರಬೇಕು. ನಿನ್ನೆನೂ ಲೈನ್‌ಮನ್ ಧರೆಪ್ಪನ ಏರಿದ್ದ. ನಿಮ್ಮ ಸೆಂಟರಿನ ಲೈನ್ ಮ್ಯಾಲೇ ಇರೋ ಮಸೂತ್ಯಾಗ ತಂತಿ ಹರದು ಎಮ್ಮಿ ಮ್ಯಾಲೆ ಬಿದ್ದಿತ್ತು, ಜನಾ ಓಡಿ ಬಂದು ಮುಟ್ಟಾವ್ರಿದ್ರು. ನಾ ಗಡಿಯಾರ ನೋಡಿದ್ನಿ. ಹನ್ನೆರಡು ದಾಟಿತ್ತು. ನೀವು ಕುಂತಿರ್ತೀರಿ ಅಂತ ಗೊತ್ತಿತ್ತು. ಗೊತ್ತಿದ್ದೂ ತಗದ್ನಿ."

ಸುನಂದಾ ಬಾಗಿಲು ಹಿಡಿದುಕೊಂಡಳು.

"ಕರೆಂಟಿನ ಕೆಲಸಾ ಅಂತ ಯಾಕ ಹೇಳ್ಲಿಲ್ಲ ಮತ್ತ?"

"ಕೈಗೆ ಹುಳಾ ಬೀಳ್ಲಿ ಅಂದ್ರೆಲ್ರೀ... ಧೈರ್ಯಾ ಆಗ್ಲಿಲ್ಲ."

ಅವಳಿಗೆ ನಗು ಬಂತು. ಅಳುವೂ ಬಂತು. ಎರಡನ್ನೂ ನುಂಗಿದಳು. ಹೇಳಿಬಿಡಬೇಕು, ನಿನ್ನೆ ಬರೆದ ಉತ್ತರ ಏನಾಗಿತ್ತು ಎಂದು... ಬಾಯಿ ತೆರೆದಳು.

"ತಡೀರಿ," ಎಂದ ಶ್ರೀಶೈಲ. "ಇನ್ನೊಂದೈತಿ. ಅದನ್ನೂ ಕೇಳ್ರಿ. ಆಮ್ಯಾಲೆ ನಿಮ್ಮ ಮನಸ್ಸಿಗೆ ಬಂದಂಗ ಮಾಡ್ರಿ."

"ಏನು?"

"ಊರಿಗೆ ಎರಡ ಲೈನ್ ಅದಾವ್ರಿ. ಬಸ್ ಸ್ಟ್ಯಾಂಡ್ ಕಡೀದೊಂದು, ಗಿರಣಿ ಓಣೀದೊಂದು. ದಿನಾ ಹನ್ನೊಂದಕ್ಕ ಬಸ್ ಸ್ಟ್ಯಾಂಡ್ ಲೈನ್ ತಗೀಬೇಕು, ಮೂರಕ್ಕ ಗಿರಣೀದು ಅಂತ ಆ ವಾರ ಹೊಸಾ ಹುಕುಂ ಬಂದಿತ್ತು. ನಿಮ್ಮ ಮೀನ ಹೋತು ಅಂತ ಬೈದ್ರೆಲ್ಲಾ, ಅವತ್ತಿನಿಂದ... ನಾ ಅದಲಿ ಬದಲಿ ಮಾಡಿಸೇನಿ. ಹಿಂಗಾದ್ರೂ ಅಷ್ಟ ತಾಸು, ಹಂಗಾದ್ರೂ ಅಷ್ಟ ತಾಸು ಅಂತ ಹೇಳಿ ಉಳಿದ ಆಪರೇಟರ್‌ಗೂ ಒಪ್ಪಿಸೇನಿ. ಯಾಕ ಅಂತ ಯಾರಿಗೂ ಗೊತ್ತಿಲ್ಲ."

ಸುನಂದಾ ಅವನನ್ನೇ ನೋಡಿದಳು. ಅವಳ ಕಣ್ಣ ಮುಂದೆ ಜೋಳದ ಬುಟ್ಟಿ ಬಂತು. ಬಿಸಿಲಲ್ಲಿ ಕೆಂಪಾದ ಅವ್ವನ ಮುಖ ಬಂತು.

"ನನ್ನ ಸಲುವಾಗಿ?"

"ಹೌದ್ರಿ."

"ನಾಚಿಕಿ ಬರಂಗಿಲ್ಲೇನ್ರಿ ನಿಮಗ?" ಈ ಸಲದ ಸಿಟ್ಟು ಬೇರೆಯಾಗಿತ್ತು. ದನಿ ಏರಲಿಲ್ಲ. "ನಮ್ಮವ್ವ ಬುಟ್ಟಿ ಹೊತ್ಕೊಂಡು ದಿನಾ ವಾಪಸ್ ಬರಾಕತ್ತಾಳ. ಬಸರಿ ಹೆಂಗಸ್ರು ಬಿಸಲಾಗ ಪಾಳಿ ನಿಂತಾರ. ನಾ ಅಲ್ಲಿ ಫ್ಯಾನಿನ ಬುಡಕ ಕುಂತು ಮೀನ ಹಿಡೀಬೇಕೇನು? ನಾ ಕೇಳಿದ್ನೇನು ನಿಮಗ? ಎಲ್ಲಾರೂ ಹಿಂಗ! ನನ್ನ ಸಲುವಾಗಿ ಅಂತ ಮಾಡ್ತೀರಿ, ನನ್ನ ಒಂದ ಮಾತ ಕೇಳಂಗಿಲ್ಲ!"

ಅವನು ತಲೆ ತಗ್ಗಿಸಿ ನಿಂತ. ಸಮಜಾಯಿಷಿ ಕೊಡಲಿಲ್ಲ. "ತಪ್ಪಾತು" ಎಂದ.

"ಇವತ್ತ ಸರಿ ಮಾಡ್ರಿ. ಈಗ!"

"ನಿಮ್ಮ ಕಂಪ್ಯೂಟರ್ ಟೈಮ್ ಹೋಗತೈತ್ರಿ," ಎಂದ.

"ಹೋಗ್ಲಿ!"

ಅವನು ಗಡಿಯಾರ ನೋಡಿದ. ಹನ್ನೊಂದು ದಾಟಿತ್ತು. ಎದ್ದು ಹೋಗಿ ಒಂದು ಹಿಡಿಕೆ ಇಳಿಸಿದ, ಇನ್ನೊಂದನ್ನು ಏರಿಸಿದ. ಬಸ್ ಸ್ಟ್ಯಾಂಡಿನ ಹಿಂದೆ ಸಾಬೀರಾಳ ಸೆಂಟರಿನಲ್ಲಿ ಪರದೆಗಳು ಕಪ್ಪಾದವು. ಗಿರಣಿ ಓಣಿಯಲ್ಲಿ ಬೆಲ್ಟು ತಿರುಗತೊಡಗಿತು. ಇದೆಲ್ಲ ಇಲ್ಲಿಗೆ ಕೇಳಿಸಲಿಲ್ಲ, ಆದರೆ ಇಬ್ಬರಿಗೂ ಗೊತ್ತಿತ್ತು.

ಸುನಂದಾ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಎಷ್ಟೋ ದಿನದಿಂದ ಎದೆಯಲ್ಲಿ ಕಟ್ಟಿಕೊಂಡಿದ್ದು ಸಡಿಲಾದಂತಿತ್ತು. ಈ ಮನುಷ್ಯ ಸುಮ್ಮನಿದ್ದರೆ ಗಿರಣಿಯ ವಿಷಯ ಅವಳಿಗೆ ಎಂದೂ ತಿಳಿಯುತ್ತಿರಲಿಲ್ಲ. ಅವಳು '‌ಹೂಂ' ಅನ್ನುವ ಗಳಿಗೆಯಲ್ಲೇ ತಡೆದು, ತನ್ನ ತಪ್ಪು ತಾನೇ ಎತ್ತಿ ಮುಂದಿಟ್ಟಿದ್ದ. ಹಾಗೆ ಮಾಡಿದವರನ್ನು ಅವಳು ತನ್ನ ಮನೆಯಲ್ಲಿ ಒಬ್ಬರನ್ನೂ ಕಂಡಿರಲಿಲ್ಲ.

"ನಾಳಿ ಮುದ್ದೇಬಿಹಾಳದವ್ರು ಹನ್ನೊಂದಕ್ಕ ಬರ್ತಾರ," ಎಂದಳು ಗೋಡೆಯ ಕಡೆ ನೋಡುತ್ತ.

"ಗೊತ್ತೈತ್ರಿ."

"ನೀವು ಒಂಬತ್ತಕ್ಕ ಬರ್ರಿ."

ಅವನು ತಲೆ ಎತ್ತಿದ.

"ನಿಮ್ಮವ್ವನ್ನ ಕರಕೊಂಡು ಬರ್ರಿ. ನಮ್ಮಪ್ಪನ ಮುಂದ ಕುಂತು ನೆಟ್ಟಗ ಕೇಳ್ರಿ. ನಮ್ಮಪ್ಪ ಒದರಾಡ್ತಾನ, ಅವ್ವ ಅಳ್ತಾಳ. ಗಿರಣಿದು ನಮ್ಮವ್ವನ ಮುಂದ ನೀವ ಹೇಳಬೇಕು. ಬೈತಾಳ, ಬೈಸ್ಕೋರಿ. ಆಮ್ಯಾಲಿಂದು ನಾ ಮಾತಾಡ್ತೇನಿ. ಈ ಸಲ ಅಪ್ಪ ಪೇಪರ್ ಓದಾಕ ಹತ್ತಿದ್ರ ಪೇಪರ್ ಕಸಗೊಂಡು ಮಾತಾಡ್ತೇನಿ."

"ಖರೇ?"

"ನಾ ಯಾವತ್ತರ ಸುಳ್ಳ ಸಿಟ್ಟ ಮಾಡೇನೇನು?"

ಶ್ರೀಶೈಲನ ಕಣ್ಣು ತುಂಬಿಬಂದವು. ಕೈ ಚಾಚಲು ಹೋಗಿ, ಆ ಕೈಗೆ ಹಿಡಿಕೆಯ ಗ್ರೀಸು ಮೆತ್ತಿದ್ದನ್ನು ನೋಡಿ ಹಿಂದಕ್ಕೆ ಎಳೆದುಕೊಂಡ. ಸುನಂದಾ ಆ ಕೈಯನ್ನು ತಾನೇ ಹಿಡಿದಳು. ಗಟ್ಟಿಯಾಗಿ ಹಿಡಿದಳು.

"ಈಗರ ಸಿಟ್ಟ ಹೋತೇನ್ರಿ?"

"ಎಲ್ಲಿ ಹೋಗತೈತಿ? ಇನ್ನೂ ಭಾಳ ಐತಿ."

"ಎಷ್ಟ ದಿನದ್ದೈತಿ?"

ಸುನಂದಾ ಅವನ ಮುಖ ನೋಡಿದಳು. ಈ ಸಲ ನಗುವನ್ನು ತಡೆಯಲಿಲ್ಲ.

"ನಾವಿಬ್ರೂ ಇರೂತನಕದ್ದು."